ಪಿಶಾಚಿಯ ಕಣ್ಣು ಯಾಕೆ ಉರಿಯಲಿಲ್ಲ?

ಮಾರ್ಚ್ ೩

ಅತ್ತಿಗೆಗೆ ನಮಸ್ಕಾರಗಳು.

ಮೊದಲು ಹೋದ ಪತ್ರದ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ತೆರೆಯ ಮೇಲೆ ಕಂಡಕಂಡವರ ಕತ್ತಿಗೆ ಬಾಯಿ ಹಾಕುತ್ತಿದ್ದ ಆ ಕೋಲುಮುಖದ ನಟ ನಿಜವಾದ ರಕ್ತ ಕಂಡರೆ ಏನು ಮಾಡುತ್ತಿದ್ದ? ಮೂರ್ಛೆ ಹೋಗುತ್ತಿದ್ದ! ಒಮ್ಮೆ ಗಡ್ಡ ಹೆರೆದುಕೊಳ್ಳುವಾಗ ಗಲ್ಲ ಕೊಯ್ದುಕೊಂಡು ದೊಪ್ಪನೆ ಬಿದ್ದನಂತೆ. ಆಗ ತಾನೇ ಅವನಿಂದ ಕಚ್ಚಿಸಿಕೊಂಡು ಸತ್ತಿದ್ದ ನಾಯಕಿ ಎದ್ದು ಬಂದು ಅವನ ಮುಖಕ್ಕೆ ನೀರು ಚಿಮುಕಿಸಿದಳಂತೆ. ನಿಮಗೆ ಹೊಳೆಯಲಿಲ್ಲ ಅಲ್ಲವೇ?

ಇನ್ನು ಸುದ್ದಿ. ನಮ್ಮ ವಾರಪತ್ರಿಕೆಯವರು ನನ್ನ ಪ್ರಶ್ನೋತ್ತರವನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತಾರಂತೆ. ಬರೀ ರಕ್ತಪಿಶಾಚಿಗಳದ್ದು! ತೆರೆಯ ಮೇಲೆ ಪಿಶಾಚಿಯಾದವರು ಯಾರು, ಅವರ ಕೋರೆಹಲ್ಲು ಯಾವುದರಿಂದ ಮಾಡಿದ್ದು, ಯಾರಿಗೆ ಶವಪೆಟ್ಟಿಗೆಯೊಳಗೆ ಸೀನು ಬಂತು, ಎಲ್ಲವೂ ಇರಬೇಕು. ಪುಸ್ತಕದ ಕೊನೆಯ ಅಧ್ಯಾಯ ಪೂರ್ತಿ ನಮ್ಮ ಅಣ್ಣನಿಗೆ. ಅವನು ಪಿಶಾಚಿಯಾದ ಮೊದಲ ಚಿತ್ರ ಬಂದಾಗ ನಾನು ಮುಂದಿನ ಸಾಲಿನಲ್ಲಿ ಕೂತು, 'ಅಂವ ನಮ್ಮಣ್ಣ, ಅಂವ ನಮ್ಮಣ್ಣ' ಎಂದು ಕೂಗಿ ಪಕ್ಕದ ಹೆಂಗಸಿನಿಂದ ತಲೆಗೆ ಮೊಟಕಿಸಿಕೊಂಡವನು. ಇವತ್ತಿಗೂ ಅಷ್ಟೇ ಹೆಮ್ಮೆ. ಅವನು ಮಾತ್ರ ನನಗೆ ಒಂದು ಸಾಲೂ ಬರೆಯುವುದಿಲ್ಲ. ಯಾಕಂತೆ?

ಅಣ್ಣನ ಬಗ್ಗೆ ಬೇರೆ ಯಾರಿಗೂ ಗೊತ್ತಿಲ್ಲದ ಸಂಗತಿ ಇದ್ದರೆ ಬರೆಯಿರಿ. ನಿಮಗೊಂದು ಪ್ರಶ್ನೆ: ಶವಪೆಟ್ಟಿಗೆಯ ದೃಶ್ಯದಲ್ಲಿ ನಿರ್ದೇಶಕರು ಕೂಗಿ ಕೂಗಿ ಕರೆದರೂ ಒಬ್ಬ ಪಿಶಾಚಿ ಹೊರಗೆ ಬರಲೇ ಇಲ್ಲ. ಕಾರಣವೇನು? ಉತ್ತರ ಮುಂದಿನ ಪತ್ರದಲ್ಲಿ. ಬೈಯಬೇಡಿ. ಈ ವಾರ ಪ್ರಶ್ನೆ, ಮುಂದಿನ ವಾರ ಉತ್ತರ ಎಂದು ಬರೆದೂ ಬರೆದೂ ಅದು ಉಸಿರಾಟದ ಹಾಗೆ ಆಗಿಬಿಟ್ಟಿದೆ. ಮೊನ್ನೆ ಚಹಾದವನು, 'ಸಕ್ಕರೆ ಹಾಕ್ಲಾ ಸಾರ್?' ಅಂದರೆ, 'ನೀನೇ ಊಹಿಸು' ಅಂದೆ. ಸಪ್ಪೆ ಚಹಾ ಕುಡಿದೆ. ಎಲ್ಲ ಅಜ್ಜಿಯಿಂದ ಬಂದದ್ದು. ರಾಕ್ಷಸ ಬಾಗಿಲು ಬಡಿದ ಅನ್ನುವಷ್ಟರಲ್ಲಿ ದೀಪ ಊದಿ, 'ಇನ್ನು ನಾಳೆ' ಎಂದು ಮಗ್ಗುಲಾಗುತ್ತಿದ್ದಳಲ್ಲ!

ನಿಮ್ಮ ಮೈದುನ


ಮಾರ್ಚ್ ೧೫

ಮೈದುನನಿಗೆ ಆಶೀರ್ವಾದ.

ಪುಸ್ತಕದ ಸುದ್ದಿ ಓದಿ ಹೇಳಿದೆ. ನಿಮ್ಮ ಅಣ್ಣ ನಕ್ಕರು. 'ಪಿಶಾಚಿ ಬಿಟ್ಟು ಬೇರೆ ಏನೂ ಸಿಗಲಿಲ್ವಂತಾ ಅವನಿಗೆ?' ಅಂದರು. ಖುಷಿಯಾಗಿದೆ, ತೋರಿಸಿಕೊಳ್ಳುವುದಿಲ್ಲ.

ಅವರು ಚೆನ್ನಾಗಿದ್ದಾರೆ. ಬೀಗದ ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ಬೀಗದ ಕೈ ಕೊರೆಯುವುದರಲ್ಲಿ ಕೈ ಇನ್ನೂ ಚುರುಕು. ನಾನು ಸಮವಸ್ತ್ರದ ಕಾರ್ಖಾನೆಯಲ್ಲೇ ಇದ್ದೇನೆ, ಈಗ ಬರೀ ಕಾಲರು ಹೊಲಿಯುವ ಸಾಲಿಗೆ ಹಾಕಿದ್ದಾರೆ.

ಕಾಲರು ಅಂದಾಗ ನೆನಪಾಯಿತು, ಬೇಕಾದರೆ ಬರೆದುಕೋ. ಅವರ ಕರಿಯ ನಿಲುವಂಗಿಯ ಕಾಲರು ಹೊಲಿದವಳು ನಾನೇ. ಒಳಗೆ ರಟ್ಟು ಕೊಟ್ಟು, ಕಿವಿಗಿಂತ ಮೇಲಕ್ಕೆ ನಿಲ್ಲುವ ಹಾಗೆ. ಅದನ್ನು ತೊಟ್ಟರೆ ಅಕ್ಕಪಕ್ಕ ಏನೂ ಕಾಣುತ್ತಿರಲಿಲ್ಲ. ಒಂದು ಸಲ ನಿರ್ದೇಶಕರನ್ನೇ ಕೆಡವಿಕೊಂಡು ಹೋದರು. 'ಈ ಕಾಲರು ಹೊಲ್ದ ಪುಣ್ಯಾತ್ಗಿತ್ತಿ ಯಾರು?' ಎಂದು ಜಗಳಕ್ಕೆ ಬಂದವರು ನನ್ನನ್ನು ನೋಡಿದ್ದು ಅವತ್ತೇ ಮೊದಲು.

ಈಗ ಕಾಲರು ಇಲ್ಲ. ಆದರೂ ಅಂಗಡಿಯಲ್ಲಿ ಪಕ್ಕಕ್ಕೆ ಬಂದು ನಿಂತವರ ಕಡೆ ತಿರುಗುವುದಿಲ್ಲ. ಗಿರಾಕಿಗಳಿಗೆ ಸಿಟ್ಟು.

ಪುಸ್ತಕಕ್ಕಾಗಿ ಹಳಬರನ್ನೆಲ್ಲ ಕಾಣುತ್ತೀಯಲ್ಲ, ಬಣ್ಣ ಹಚ್ಚುತ್ತಿದ್ದವನು ಸಿಕ್ಕಿದರೆ ಒಂದು ಮಾತು ಕೇಳು. ಆ ಕಾಲದಲ್ಲಿ ಅವರ ಕಣ್ಣಿಗೆ, ಗುಡ್ಡೆಯ ಮೇಲೆ ಕೂರಿಸುವ ಆ ಕೆಂಪು ಗಾಜಿನ ಬಿಲ್ಲೆಯ ಜೊತೆಗೆ ಬೇರೆ ಏನಾದರೂ ಹಾಕುತ್ತಿದ್ದರೇ? ಕಾರ್ಖಾನೆಯ ಹುಡುಗಿಯರ ಜೊತೆ ಒಂದು ವಾದ ಬಿದ್ದಿದೆ, ಅದಕ್ಕೆ.

ಅತ್ತಿಗೆ


ಮಾರ್ಚ್ ೧೫

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮೇಲಿನ ಪತ್ರದಲ್ಲಿ ಇರಬೇಕಾದದ್ದು ಇದು.

ನಿಮ್ಮ ಅಣ್ಣನಿಗೆ ಕಣ್ಣು ಹೋಗುತ್ತಿದೆ. ನೇರ ಎದುರಿಗೆ ಇದ್ದದ್ದು ಕಾಣುತ್ತದೆ, ಅಕ್ಕಪಕ್ಕ ಪೂರಾ ಕತ್ತಲೆ. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾರೆ. ಎಡಗಣ್ಣು ಹೆಚ್ಚುಕಮ್ಮಿ ಮುಗಿದಿದೆ. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುತ್ತಿದೆಯಂತೆ. ಹೋದದ್ದು ವಾಪಸು ಬರುವುದಿಲ್ಲ, ಒತ್ತಡ ಇಳಿದರೆ ಬಲಗಣ್ಣನ್ನು ಉಳಿಸಿಕೊಳ್ಳಬಹುದು ಎಂದರು ಡಾಕ್ಟರಮ್ಮ. ಆದರೆ ಅವರು ಕೊಟ್ಟ ಔಷಧಿಗೆ ಒತ್ತಡ ಇಳಿಯುತ್ತಲೇ ಇಲ್ಲ. 'ಕಣ್ಣಿಗೆ ಬೇರೆ ಯಾವ್ದಾದ್ರೂ ಔಷಧಿ ಹಾಕ್ತೀರಾ?' ಎಂದು ಮೂರು ಸಲ ಕೇಳಿದರು. 'ಇಲ್ಲವೇ ಇಲ್ಲ' ಅಂದರು ಇವರು. 'ಇನ್ನೇನೋ ಒಂದು ಇದೆ. ಅದು ಗೊತ್ತಾಗೋವರೆಗೂ ನಾನು ಕತ್ತಲಲ್ಲಿ ಕಲ್ಲು ಹೊಡೀತಿದ್ದೀನಿ' ಎಂದರು ಡಾಕ್ಟರಮ್ಮ.

ನಿನಗೆ ತಿಳಿಸೋಣವೆಂದರೆ ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಾರೆ. 'ಅವನೊಬ್ಬನ ಪಾಲಿಗಾದ್ರೂ ನಾನು ಹಾಗೇ ಇರ್ಲಿ ಕಣೇ. ಕುರುಡನ ತಮ್ಮ ಅನ್ನಿಸ್ಕೊಳ್ಳೋದು ಬೇಡ' ಅಂತ.

ಇಷ್ಟು ಬರೆದ ಮೇಲೆ ಮನಸ್ಸು ಹಗುರವಾಗಬೇಕಿತ್ತು. ಆಗಲಿಲ್ಲ.


ಏಪ್ರಿಲ್ ೯

ಅತ್ತಿಗೆಗೆ ನಮಸ್ಕಾರಗಳು.

ಆ ಪಿಶಾಚಿ ಪೆಟ್ಟಿಗೆಯಿಂದ ಯಾಕೆ ಹೊರಬರಲಿಲ್ಲ? ದೀಪದ ಕೆಲಸದವರಿಬ್ಬರು ಮುಚ್ಚಳದ ಮೇಲೆ ಕೂತು ಊಟ ಮಾಡುತ್ತಿದ್ದರು! ಒಳಗಿನಿಂದ ಬಡಿದ ಸದ್ದಿಗೆ, 'ಎಷ್ಟು ಚೆನ್ನಾಗಿ ನಟಿಸ್ತಾನಪ್ಪ' ಎಂದು ಮೆಚ್ಚಿಕೊಂಡರಂತೆ.

ನಿಮ್ಮ ಕಾಲರಿನ ಕತೆ ಹಾಗೇ ಅಚ್ಚಿಗೆ ಹೋಯಿತು. ಪಕ್ಕದಲ್ಲಿ ನಿಂತವರ ಕಡೆ ಅಣ್ಣ ಈಗಲೂ ತಿರುಗುವುದಿಲ್ಲ ಎಂದು ಓದಿ ಬಿದ್ದು ಬಿದ್ದು ನಕ್ಕೆ. ಎಂಥ ಗತ್ತು! ಬೀಗದ ಅಂಗಡಿಯಲ್ಲಿ ಕೂತರೂ ಪಿಶಾಚಿ ಪಿಶಾಚಿಯೇ. 'ಇಂದಿಗೂ ಅವರು ಕತ್ತು ತಿರುಗಿಸಿ ಯಾರನ್ನೂ ನೋಡುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ.

ಈಗ ಕೇಳಿ, ಬಣ್ಣದ ಮಾವ ಸಿಕ್ಕಿಬಿಟ್ಟ! ಎಲ್ಲರೂ ಸತ್ತ ಅಂದಿದ್ದರು. ಒಂದು ಸಂದಿಯೊಳಗೆ, ಏಣಿ ಹತ್ತಿ ಹೋಗಬೇಕಾದ ಕೋಣೆಯಲ್ಲಿ, ಶಾಲೆಯ ನಾಟಕಗಳಿಗೆ ಮೀಸೆ ಗಡ್ಡ ಬಾಡಿಗೆಗೆ ಕೊಡುತ್ತಾ ಕೂತಿದ್ದಾನೆ. ಗೋಡೆಯ ತುಂಬ ಮೀಸೆ. ನನ್ನನ್ನು ನೋಡಿದವನೇ,

'ಯಾರು? ಪತ್ರಿಕೆಯವ್ರಾ? ದುಡ್ಡು ಕೊಡ್ತೀರಾ?' ಅಂದ.

'ಇಲ್ಲ ಮಾವ.'

'ಹಂಗಾದ್ರೆ ಕೂತ್ಕೊ. ದುಡ್ಡು ಕೊಟ್ಟವ್ರಿಗೆ ಸುಳ್ಳು ಹೇಳ್ಬೇಕಾಗ್ತದೆ.'

ಎಷ್ಟು ಜನ ಪಿಶಾಚಿಗಳಿಗೆ ಹಲ್ಲು ಅಂಟಿಸಿದ್ದಾನೋ ಅವನಿಗೇ ಲೆಕ್ಕವಿಲ್ಲ. ಒಬ್ಬನಿಗೆ ಹಲ್ಲು ಹಾಕಿದರೆ ತೊದಲುತ್ತಿತ್ತಂತೆ. 'ನಿನ್ನ ರಕ್ತ' ಅಂದರೆ 'ನಿನ್ನ ಲತ್ತ' ಅಂತಿತ್ತಂತೆ. ಅದಕ್ಕೇ ಆ ಚಿತ್ರದಲ್ಲಿ ಪಿಶಾಚಿ ಮೂಕ! ಇನ್ನೊಬ್ಬಾಕೆ ಹೆಣ್ಣುಪಿಶಾಚಿ. ಮಗುವನ್ನು ಹೆದರಿಸುವ ದೃಶ್ಯದಲ್ಲಿ ಮಗು ಕೇಕೆ ಹಾಕಿ ನಕ್ಕು, ಕೋರೆಹಲ್ಲು ಕಿತ್ತು ಬಾಯಿಗೆ ಹಾಕಿಕೊಂಡುಬಿಟ್ಟಿತಂತೆ.

ಅಣ್ಣನ ಹೆಸರು ಎತ್ತಿದೆ. ಮುದುಕನ ಮುಖ ಅರಳಿತು. 'ಆ ಗಾಜಿನ ಬಿಲ್ಲೆ ಹಾಕ್ದೋರೆಲ್ಲ ಕಣ್ಣು ಉರಿ ಅಂತ ಗೋಳೋ ಅಂತ ಅಳೋರು. ನಿಮ್ಮಣ್ಣ ಒಬ್ನೇ ಕಲ್ಲಿನಂಗೆ ಕೂತಿರೋನು. ಯಾಕೆ ಹೇಳು?' ಅಂದ. ಆಮೇಲೆ ಬಾಗಿಲು ಹಾಕಿ ಬಂದು ಕಾರಣ ಹೇಳಿದ. ಅತ್ತಿಗೆ, ಇಷ್ಟು ವರ್ಷ ಈ ಕೆಲಸದಲ್ಲಿದ್ದೇನೆ, ಇಂಥದ್ದು ಸಿಕ್ಕಿರಲಿಲ್ಲ. ಇನ್ನೂ ದೊಡ್ಡ ತಮಾಷೆಯೆಂದರೆ ಆ ಗುಟ್ಟು ಈಗಲೂ ನಡೆಯುತ್ತಲೇ ಇದೆ. ನಿಮ್ಮ ಮೂಗಿನ ಕೆಳಗೇ! ನಿಮಗೇ ಗೊತ್ತಿಲ್ಲ!

ಈಗ ಪ್ರಶ್ನೆ: ಕೆಂಪು ಬಿಲ್ಲೆ ಹಾಕಿದರೂ ನಮ್ಮ ಪಿಶಾಚಿಯ ಕಣ್ಣು ಯಾಕೆ ಉರಿಯಲಿಲ್ಲ? ಉತ್ತರ ಮುಂದಿನ ಪತ್ರದಲ್ಲಿ. ನಿಮ್ಮ ಕಾರ್ಖಾನೆಯ ಹುಡುಗಿಯರೂ ತಲೆ ಕೆರೆದುಕೊಳ್ಳಲಿ.

ನಿಮ್ಮ ಮೈದುನ


ಏಪ್ರಿಲ್ ೧೬

ಮೈದುನನಿಗೆ,

ಈ ಸಲ ಆಟ ಬೇಡ. ಅವರ ಕಣ್ಣಿಗೆ ಏನು ಹಾಕುತ್ತಿದ್ದರು, ಈಗಲೂ ನಡೆಯುತ್ತಿದೆ ಅಂದದ್ದು ಏನು, ಎರಡನ್ನೂ ಈ ಪತ್ರ ಕೈಗೆ ಬಂದ ಕೂಡಲೇ ಬರೆದು ಹಾಕು. ಬಣ್ಣದವನ ವಿಳಾಸವನ್ನೂ ಕೊಡು. ಒಂದು ಕಾರ್ಡು ಸಾಕು. ದೊಡ್ಡ ಪತ್ರ ಬೇಡ.

ಕಾರಣ ಕೇಳಬೇಡ.

ಅತ್ತಿಗೆ


ಏಪ್ರಿಲ್ ೩೦

ಅತ್ತಿಗೆಗೆ ನಮಸ್ಕಾರಗಳು.

ಸಿಕ್ಕಿಬಿದ್ದಿರಿ! ಮದುವೆಯಾಗಿ ಬಂದಾಗಿನಿಂದ ನನ್ನ ಒಂದು ಪ್ರಶ್ನೆಗೂ ಸೊಪ್ಪು ಹಾಕದ ಅತ್ತಿಗೆ ಈಗ ಉತ್ತರಕ್ಕಾಗಿ ಕಾಲು ನೆಲಕ್ಕೆ ಬಡಿಯುತ್ತಿದ್ದಾರೆ. ಆ 'ಕಾರಣ ಕೇಳಬೇಡ' ಎನ್ನುವುದನ್ನು ಓದಿ ಕಚೇರಿಯವರಿಗೆಲ್ಲ ತೋರಿಸಿದೆ. 'ಓದುಗರು ಹೀಗಿರ್ಬೇಕು ನೋಡ್ರಯ್ಯಾ' ಅಂದೆ.

ಆದರೆ ಕೈ ಕಟ್ಟಿಹಾಕಿದ್ದಾರೆ. ಈ ಸಂಗತಿ ಪುಸ್ತಕದ ಕೊನೆಯ ಪುಟಕ್ಕೆ ಎಂದು ಪ್ರಕಾಶಕರು ತೀರ್ಮಾನಿಸಿದ್ದಾರೆ. ಅಲ್ಲಿಯ ತನಕ ನನ್ನ ಹೆಂಡತಿಗೂ ಹೇಳಕೂಡದಂತೆ. ನನಗೆ ಹೆಂಡತಿಯಿಲ್ಲ ಅಂದೆ. ಹಾಗಾದರೆ ಅತ್ತಿಗೆಗೂ ಹೇಳಬೇಡಿ ಅಂದರು! ಬಣ್ಣದ ಮಾವನ ವಿಳಾಸವೂ ಈಗ ಬೇಡ. ನೀವು ಅವನಿಗೆ ಬರೆದರೆ ಮುದುಕ ಒಂದೇ ಉಸಿರಿಗೆ ಎಲ್ಲ ಕಕ್ಕಿಬಿಡುತ್ತಾನೆ, ನನ್ನ ಆಟ ಕೆಡುತ್ತದೆ.

ಅಷ್ಟು ಅವಸರವಿದ್ದರೆ ಅಣ್ಣನನ್ನೇ ಕೇಳಿ. ಹೇಳುತ್ತಾನೋ ಇಲ್ಲವೋ, ಅವನ ಮುಖ ಹೇಗಾಗುತ್ತದೆ ಎಂದು ನನಗೆ ಬರೆಯಿರಿ.

ಪುಸ್ತಕ ಮೇ ತಿಂಗಳಲ್ಲಿ ಬರುತ್ತದೆ. ನಾಳೆಯಿಂದ ಊರೂರು ಸುತ್ತಿಸುತ್ತಾರೆ. ಅಲ್ಲಿಯವರೆಗೆ ತಾಳಿ. ತಾಳಿದಷ್ಟೂ ರುಚಿ.

ನಿಮ್ಮ ಮೈದುನ


ಮೇ ೫

ಆಣೆ ಮುರಿದು ಬರೆಯುತ್ತಿದ್ದೇನೆ. ನಿನ್ನ ಅಣ್ಣ ಕುರುಡರಾಗುತ್ತಿದ್ದಾರೆ.

ಎಡಗಣ್ಣು ಹೋಗಿದೆ. ಬಲಗಣ್ಣು ದಿನದಿಂದ ದಿನಕ್ಕೆ ಕಿರಿದಾಗುತ್ತಿದೆ. ಹೋದ ತಿಂಗಳು ಪೇಪರು ಓದುತ್ತಿದ್ದರು, ಈ ತಿಂಗಳು ಬರೀ ತಲೆಬರಹ. ಅವರು ಗಿರಾಕಿಗಳ ಕಡೆ ತಿರುಗದಿರುವುದು ಗತ್ತಿನಿಂದಲ್ಲ. ಪಕ್ಕದಲ್ಲಿ ಮನುಷ್ಯರಿದ್ದಾರೆ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ.

ಕಣ್ಣಿಗೆ ಏನು ಬೀಳುತ್ತಿದೆ ಎಂದು ಗೊತ್ತಾದರೆ ಉಳಿದದ್ದನ್ನು ಉಳಿಸಬಹುದು. ಅದು ನಿನಗೆ ಗೊತ್ತಿದೆ, ನನಗೆ ಗೊತ್ತಿಲ್ಲ. ನೀನು ಹೇಳಿದ ಹಾಗೆ, ಗುಟ್ಟಾಗಿ ಯಾವ ಔಷಧಿ ಹಾಕುತ್ತೀರಿ ಎಂದು ಅವರನ್ನೇ ಕೇಳಿದೆ. 'ಅವ್ನ ಮಾತು ಕಟ್ಕೊಂಡು ನನ್ನ ತಲೆ ತಿನ್ಬೇಡ. ಔಷಧಿ ಗಿವುಷಧಿ ಏನೂ ಹಾಕ್ತಿಲ್ಲ ಅಂತ ಡಾಕ್ಟರಮ್ಮಂಗೂ ಹೇಳ್ದೆ, ನಿಂಗೂ ಹೇಳ್ದೆ' ಅಂದರು. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಮನೆಯ ಡಬ್ಬಿ, ಹಾಸಿಗೆ, ಅಂಗಿ ಜೇಬು ಎಲ್ಲ ತಡಕಿದೆ.

ಕಾರ್ಖಾನೆಯ ಫೋನಿನಿಂದ ನಿನ್ನ ಪತ್ರಿಕೆಗೆ ಮಾಡಿಸಿದೆ. ಒಬ್ಬ ಹುಡುಗಿ ಎತ್ತಿಕೊಂಡು, 'ಅವ್ರು ಪ್ರವಾಸದಲ್ಲಿದ್ದಾರೆ ಮೇಡಂ, ಇವತ್ತು ಎಲ್ಲಿ ಅಂತ ನಮ್ಗೂ ಗೊತ್ತಿಲ್ಲ. ಪ್ರಶ್ನೆ ಇದ್ರೆ ಕಾರ್ಡಲ್ಲಿ ಬರೆದು ಕಳ್ಸಿ, ಒಳ್ಳೇ ಪ್ರಶ್ನೆಗೆ ಬಹುಮಾನ ಇದೆ' ಅಂದಳು.

ಹೇಳಿಬಿಡಪ್ಪ. ನಿನ್ನ ಕಾಲಿಗೆ ಬೀಳುತ್ತೇನೆ.

ಅತ್ತಿಗೆ


ಮೇ ೨೭

ಅತ್ತಿಗೆಗೆ ನಮಸ್ಕಾರಗಳು.

ಯಾವುದೋ ಊರಿನ ಲಾಡ್ಜಿನ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ನಡುವೆ ನೀವೇನಾದರೂ ಬರೆದಿದ್ದರೆ ಅದು ಮನೆಯ ಬಾಗಿಲ ಸಂದಿಯಲ್ಲಿ ಬಿದ್ದಿರುತ್ತದೆ. ಪುಸ್ತಕ ಬಂತು! ಹೋದ ಕಡೆಯೆಲ್ಲ ಜನ. ಕೊನೆಯ ಪುಟ ಓದುವಾಗ ಸಭೆ ಉಸಿರು ಹಿಡಿದು ಕೂರುತ್ತದೆ. ನಿನ್ನೆ ಒಬ್ಬ ಮುದುಕ ಎದ್ದು ನಿಂತು, 'ಆ ಮಹಾನುಭಾವ ಇನ್ನೂ ಇದ್ದಾರಾ?' ಎಂದು ಕೇಳಿದ. 'ಇದ್ದಾರೆ, ಅವರ ತಮ್ಮ ನಾನೇ' ಅಂದೆ. ಚಪ್ಪಾಳೆ ಬಿದ್ದದ್ದು ಅಷ್ಟಿಷ್ಟಲ್ಲ.

ಇನ್ನು ಮುಚ್ಚಿಡುವುದು ಏನಿದೆ? ತೆಗೆದುಕೊಳ್ಳಿ ಉತ್ತರ. ಬಣ್ಣದ ಮಾವನ ಪೆಟ್ಟಿಗೆಯಲ್ಲಿ ಹೆಸರಿನ ಚೀಟಿಯಿಲ್ಲದ ಪುಟ್ಟ ಬಾಟಲಿ ಇರುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು 'ತಣ್ಣೀರು'. ಯಾವನೋ ಔಷಧಿ ಅಂಗಡಿಯವನಿಂದ ಬೆರೆಸಿ ಮಾಡಿಸಿಕೊಂಡದ್ದು. ಎರಡೇ ಹನಿ ಬಿಟ್ಟರೆ ಉರಿಯೂ ಇಲ್ಲ, ಕೆಂಪೂ ಇಲ್ಲ. ಎಲ್ಲರಿಗೂ ಕೊಡುತ್ತಿರಲಿಲ್ಲ, ಅಣ್ಣನೆಂದರೆ ಪ್ರೀತಿ. ಚಿತ್ರ ನಿಂತ ಮೇಲೂ ಅಣ್ಣನಿಗೆ ಅದಿಲ್ಲದೆ ಕಣ್ಣು ಉರಿಯುತ್ತಿತ್ತಂತೆ. ಇವತ್ತಿಗೂ ಪ್ರತಿ ತಿಂಗಳು ಮಾವ ಒಂದು ಬಾಟಲಿಯನ್ನು ಬೀಗದ ಅಂಗಡಿಯ ವಿಳಾಸಕ್ಕೆ ಕಳಿಸುತ್ತಾನೆ! ಪಿಶಾಚಿ ನಿವೃತ್ತನಾದರೂ ಪಿಶಾಚಿಯ ತಣ್ಣೀರು ನಿಂತಿಲ್ಲ. ಹೇಗಿದೆ?

ನಿಮ್ಮ ಮೈದುನ


ಜೂನ್ ೧೪

ಮೈದುನನಿಗೆ,

ಬಾಟಲಿ ಸಿಕ್ಕಿತು. ಅಂಗಡಿಯಲ್ಲಿ, ಕೊರೆಯದ ಬೀಗದ ಕೈಗಳನ್ನು ನೇತುಹಾಕಿದ ಹಲಗೆಯ ಹಿಂದೆ.

'ಇದೇನು?' ಅಂದೆ.

'ಅದಾ? ತಣ್ಣೀರು' ಅಂದರು. 'ಕಣ್ಣು ಕೆಂಪಾದ್ರೆ ಗಿರಾಕಿಗಳು ಕುಡುಕ ಅಂದ್ಕೊಳ್ಳಲ್ವಾ? ಅದಕ್ಕೆ ಹಾಕ್ಕೊಳ್ತೀನಿ.'

'ಡಾಕ್ಟರಮ್ಮ ಅಷ್ಟು ಸಲ ಕೇಳಿದ್ರಲ್ಲ!'

'ಅವ್ರು ಕೇಳಿದ್ದು ಔಷಧಿ. ಇದು ಔಷಧಿ ಅಲ್ಲ ಕಣೇ, ಬಣ್ಣದ ಪೆಟ್ಟಿಗೆ ಸಾಮಾನು.'

ಅವರು ಸುಳ್ಳು ಹೇಳಿರಲಿಲ್ಲ. ಹಲ್ಲಿನ ಅಂಟು, ಮುಖದ ಪುಡಿ, ಇದು, ಎಲ್ಲ ಅವರಿಗೆ ಒಂದೇ.

ಡಾಕ್ಟರಮ್ಮ ಪರೀಕ್ಷೆಗೆ ಕಳಿಸಿದರು. ಅದರಲ್ಲಿದ್ದದ್ದು ಸ್ಟೀರಾಯ್ಡ್, ಅದೂ ಜೋರಾದದ್ದು. ಉರಿ ಆರಿಸುತ್ತದೆ, ಒಳಗೊಳಗೇ ಒತ್ತಡ ಏರಿಸುತ್ತದೆ. ಹನಿ ನಿಲ್ಲಿಸಿದ ಮೇಲೆ ಒತ್ತಡ ಇಳಿಯತೊಡಗಿದೆ. ಆದರೆ ಇಳಿಯುವ ಹೊತ್ತಿಗೆ ಬಲಗಣ್ಣಿನಲ್ಲಿ ಉಳಿದದ್ದು ಬೀಗದ ತೂತಿನಷ್ಟು. ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಎಂದು ಹೇಳುತ್ತಾರೆ. ನನ್ನ ಮುಖವನ್ನು ಕೈಯಿಂದ ನೋಡುತ್ತಾರೆ.

'ಏಪ್ರಿಲ್‌ನಲ್ಲೇ ಇದು ಗೊತ್ತಾಗಿದ್ರೆ?' ಎಂದು ಡಾಕ್ಟರಮ್ಮನನ್ನು ಕೇಳಿದೆ. 'ಯಾಕೆ, ಏಪ್ರಿಲ್‌ನಲ್ಲಿ ಯಾರಿಗಾದ್ರೂ ಗೊತ್ತಿತ್ತಾ?' ಅಂದರು. ನಾನು ಔಷಧಿ ಚೀಟಿ ತೆಗೆದುಕೊಂಡು ಎದ್ದು ಬಂದೆ. ಬಾಟಲಿ ಕಳಿಸುತ್ತಿದ್ದವನಿಗೆ ನೀನೇ ಹೋಗಿ ಹೇಳು, ಇನ್ನು ಯಾರಿಗೂ ಕಳಿಸಬಾರದೆಂದು.

ಅತ್ತಿಗೆ


ಜೂನ್ ೨೧

ಅತ್ತಿಗೆ,

ಇವತ್ತು ಬೆಳಿಗ್ಗೆ ಬಂದು ಬಾಗಿಲು ತೆಗೆದೆ. ನಿಮ್ಮ ಎರಡೂ ಪತ್ರ ನೆಲದ ಮೇಲೆ ಬಿದ್ದಿದ್ದವು. ಕೂತಲ್ಲಿಂದ ಎದ್ದಿಲ್ಲ.

ಸಭೆಗಳಲ್ಲಿ ಅದನ್ನು ಓದುತ್ತಾ ಜನರನ್ನು ನಗಿಸಿದೆ. ಪ್ರತಿ ಊರಿನಲ್ಲೂ. ಅಣ್ಣ ಹನಿ ಬಿಟ್ಟುಕೊಳ್ಳುವುದನ್ನು ಅಭಿನಯಿಸಿ ತೋರಿಸಿದೆ.

ಸಿಟ್ಟೂ ಬರುತ್ತಿದೆ. 'ಕಾರಣ ಕೇಳಬೇಡ' ಎಂದು ಬರೆದಿರಲ್ಲ, ಅದರ ಬದಲು 'ಕಣ್ಣು ಹೋಗುತ್ತಿದೆ' ಎಂದು ಬರೆಯಲು ಅದೇ ಎರಡು ಪದ ಸಾಕಿತ್ತು. ಹುಡುಗಿಯರ ವಾದವಂತೆ! ನಾನು ಕಲ್ಲೇ ಅತ್ತಿಗೆ? ಒಂದು ಸಾಲು, ಒಂದೇ ಸಾಲು ಇದ್ದಿದ್ದರೆ ಓಡಿ ಬರುತ್ತಿರಲಿಲ್ಲವೇ? ಇದನ್ನು ಬರೆದ ಮೇಲೆ ಹೊಡೆದುಹಾಕಬೇಕು ಅನ್ನಿಸುತ್ತಿದೆ. ಹೊಡೆದುಹಾಕುವುದಿಲ್ಲ.

ಬಣ್ಣದ ಮಾವನ ಬಳಿ ಇವತ್ತೇ ಹೋಗುತ್ತೇನೆ. ಪುಸ್ತಕವನ್ನು ಅಂಗಡಿಗಳಿಂದ ವಾಪಸು ತರಿಸಲು ಪ್ರಕಾಶಕರಿಗೆ ಹೇಳುತ್ತೇನೆ, ಕೇಳುತ್ತಾರೋ ಇಲ್ಲವೋ. ನೀವು ಬಾ ಎಂದು ಬರೆದ ಕೂಡಲೇ ನಾನು ಅಲ್ಲಿಗೆ ಬರುತ್ತೇನೆ. ಅಣ್ಣನ ಕಾಲು ಹಿಡಿದು ಎಲ್ಲ ಹೇಳುತ್ತೇನೆ. ಏಪ್ರಿಲ್‌ನಿಂದ ನನಗೆ ಗೊತ್ತಿತ್ತು ಎಂದು ನನ್ನ ಬಾಯಿಂದಲೇ ಅವನಿಗೆ ಗೊತ್ತಾಗಲಿ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ.

ಮೈದುನ


ಜುಲೈ ೨

ಮೈದುನನಿಗೆ,

ನೀನು ಕೇಳಿದ್ದು ಸರಿ. ನಾನು ಬರೆಯಬೇಕಿತ್ತು. ಅವರ ಮಾನ ಕಾಯಲು ಹೋಗಿ ಕಣ್ಣು ಕಳೆದೆ. ನನ್ನ ಪಾಲಿನದನ್ನು ನಾನು ಹೊತ್ತುಕೊಂಡಿದ್ದೇನೆ, ನಿನ್ನ ಮೇಲೆ ಹೇರುವುದಿಲ್ಲ. ನಿನ್ನದನ್ನು ನಾನು ಹೊರುವುದೂ ಇಲ್ಲ.

ಬರುವ ಮೊದಲು ಇಲ್ಲಿ ಏನು ನಡೆಯುತ್ತಿದೆ ಎಂದು ತಿಳಿದುಕೋ.

ಬಾಟಲಿ ಸಿಕ್ಕ ದಿನ ಅವರು, 'ನಿಂಗೆ ಹೇಗೆ ಗೊತ್ತಾಯ್ತು?' ಎಂದು ಕೇಳಿದರು. ನಿನ್ನ ಪತ್ರ ಅಂದೆ. ಅಷ್ಟೇ ಅಂದದ್ದು. ಉಳಿದದ್ದನ್ನು ಅವರೇ ಕಟ್ಟಿಕೊಂಡರು. ಈಗ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕಕ್ಕೆ ಯಾರು ಕೂತರೂ ಅದೇ ಮಾತು. 'ಇಷ್ಟು ದೊಡ್ಡ ಡಾಕ್ಟರಿಗೆ ಗೊತ್ತಾಗ್ಲಿಲ್ಲ, ನನ್ನ ಹೆಂಡ್ತಿಗೆ ಗೊತ್ತಾಗ್ಲಿಲ್ಲ, ನನಗೇ ಗೊತ್ತಾಗ್ಲಿಲ್ಲ. ಎಲ್ಲಿಂದಲೋ ನನ್ನ ತಮ್ಮ ಹುಡುಕಿ ತೆಗ್ದ ನೋಡಿ. ಗೊತ್ತಾದ ಗಳಿಗೆಗೇ ಬರ್ದು ಹಾಕ್ದ. ಈ ಒಂದಿಷ್ಟು ಬೆಳಕು ಕಾಣ್ತಿದೆಯಲ್ಲ, ಅದು ಅವ್ನು ಕೊಟ್ಟದ್ದು.' ಡಾಕ್ಟರಮ್ಮನಿಗೂ ಹೇಳಿದರು. ಆಕೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅವರಿಗೆ ಈಗ ಬೇರೆ ಸಂತೋಷವಿಲ್ಲ. ಅಂಗಡಿಯನ್ನು ಬಿಟ್ಟುಕೊಟ್ಟಾಯಿತು. ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ. ನೀನು ಬರುತ್ತೀಯ ಎಂದು ಹೇಳಿದಾಗಿನಿಂದ ದಿನಕ್ಕೆ ಎರಡು ಸಲ ಅಂಗಿ ಬದಲಾಯಿಸುತ್ತಾರೆ.

ಅದಕ್ಕೆ ಬಾ. ಆದರೆ ಕಾಲು ಹಿಡಿಯುವುದು, ಅಳುವುದು, ಹೇಳಿ ಹಗುರಾಗುವುದು, ಯಾವುದೂ ಈ ಮನೆಯಲ್ಲಿ ನಡೆಯುವುದಿಲ್ಲ. ಅವರ ಎದುರಿಗೆ ಕೂರು. ಅವರು ನಿನ್ನ ತಲೆ ಸವರಿ ನಿನ್ನನ್ನು ಹೊಗಳುತ್ತಾರೆ. ಹೊಗಳಿ ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಅಷ್ಟನ್ನೂ ಕೇಳಿಸಿಕೋ. 'ಹೌದು ಅಣ್ಣ' ಅನ್ನು. ನಾನು ಒಳಗಡೆ ಕೆಲಸ ಮಾಡಿಕೊಂಡಿರುತ್ತೇನೆ. ಬಸ್ಸಿನ ಹೊತ್ತಾದಾಗ ಬಂದು ಕರೆಯುತ್ತೇನೆ, ಅದಕ್ಕೆ ಮೊದಲು ಏಳಬೇಡ.

ಅತ್ತಿಗೆ